ಹೆಬ್ಬಾಳದ ಚಿಕ್ಕ ಮನೆ, ಗೋಕುಲಂ ಫ್ಲಾಟ್: ಬಾಡಿಗೆಗೆ ಯಾವುದು ವಾಸಿ?

ಮೈಸೂರಿನಲ್ಲಿ ನಮ್ಮ ಎರಡು ಬಾಡಿಗೆ ಮನೆಗಳಿವೆ, ಒಂದೇ ವರ್ಷ ಕೊಂಡದ್ದು. ಹೆಬ್ಬಾಳದ ಒಂದು ಬೆಡ್‌ರೂಮಿನ ಮನೆಗೆ 28 ಲಕ್ಷ ಬಿತ್ತು, ಬಾಡಿಗೆ 9,000. ಗೋಕುಲಂ ಫ್ಲಾಟಿಗೆ 90 ಲಕ್ಷ, ಬಾಡಿಗೆ 24,000. ನೋಡಿದರೆ ಫ್ಲಾಟೇ ಲಾಭ ಅನಿಸುತ್ತದೆ ಅಲ್ವಾ?

ವರ್ಷದ ಲೆಕ್ಕ ಹಾಕಿ. ಫ್ಲಾಟಿನ ಮೇಂಟೆನೆನ್ಸ್ ತಿಂಗಳಿಗೆ 3,000, ಅದು ನಮ್ಮದೇ. ಹೋದ ವರ್ಷ ಎರಡು ತಿಂಗಳು ಖಾಲಿಯೂ ಇತ್ತು. ಕೈಗೆ ಬಂದದ್ದು 2,04,000. ಹಾಕಿದ ದುಡ್ಡಿಗೆ ಶೇ. 2.3 ಅಷ್ಟೇ. ಹೆಬ್ಬಾಳದ್ದು ಖಾಲಿ ಬೀಳಲೇ ಇಲ್ಲ. ಕಾರ್ಖಾನೆಗಳು ಹತ್ತಿರ, ಒಬ್ಬರು ಬಿಡುವ ಮೊದಲೇ ಇನ್ನೊಬ್ಬರು ಕೇಳುತ್ತಾರೆ. ರಿಪೇರಿಗೆ 12,000 ಹೋಗಿ 96,000 ಉಳಿಯಿತು, ಶೇ. 3.4. ತಿಂಗಳ ಆದಾಯಕ್ಕಾದರೆ ನನ್ನ ಓಟು ಇದಕ್ಕೇ.

ಓಡಾಟ ಮಾತ್ರ ಜಾಸ್ತಿ. ಬಚ್ಚಲ ನೀರು ಜಿನುಗಿ ಪಕ್ಕದ ರೂಮಿನ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಟೈಲ್ಸ್ ಸಂದಿಗೆಲ್ಲ ಹೊಸದಾಗಿ ಗ್ರೌಟ್ ತುಂಬಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಬಣ್ಣ ಹೊಡೆಸಿದೆವು. ಸುಮ್ನೆ ಮೇಲೆ ಬಳಿದರೆ ಮತ್ತೆ ಏಳುತ್ತದೆ. ಫ್ಲಾಟಿನಲ್ಲಿ ಪಂಪು, ಸಂಪು, ಲಿಫ್ಟು ಎಲ್ಲ ಸಂಘದವರ ಪಾಲು.

ಆದಾಯ ತೆರಿಗೆಯಲ್ಲಿ ಎರಡಕ್ಕೂ ಒಂದೇ ನಿಯಮ. ಬಾಡಿಗೆಯಲ್ಲಿ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30 ಬಿಡುತ್ತಾರೆ, ರಿಪೇರಿಗೆ ಎಷ್ಟೇ ಖರ್ಚಾಗಿರಲಿ.