ಗೂಗಲ್ ಎಐ ಮೋಡ್, ಪರ್ಪ್ಲೆಕ್ಸಿಟಿ, ಚಾಟ್‌ಜಿಪಿಟಿ: ಸೀರೆ ಮಾರುವವರಿಗೆ ಯಾವುದು ಮುಖ್ಯ?

ಇಳಕಲ್ ಸೀರೆ ಮಾರುವ ಸಣ್ಣ ಅಂಗಡಿಯೊಂದರ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ. ಮೊದಲೆಲ್ಲ ಹುಡುಕಿದರೆ ಲಿಂಕುಗಳ ಪಟ್ಟಿ ಬರುತ್ತಿತ್ತು, ಈಗ ನೇರವಾಗಿ ಉತ್ತರವೇ ಬರುತ್ತದೆ. ಆ ಉತ್ತರದಲ್ಲಿ ನಮ್ಮಂಥ ಅಂಗಡಿಗೆ ಜಾಗ ಇದೆಯಾ ಅಂತ ತಿಳಿಯಬೇಕಿತ್ತು. ಅದಕ್ಕೇ "ಕೈಮಗ್ಗದ ಅಸಲಿ ಇಳಕಲ್ ಸೀರೆ ಗುರುತಿಸುವುದು ಹೇಗೆ?" ಅಂತ ಗೂಗಲ್, ಪರ್ಪ್ಲೆಕ್ಸಿಟಿ ಅನ್ನುವ ಎಐ ಹುಡುಕಾಟ ತಾಣ, ಚಾಟ್‌ಜಿಪಿಟಿ, ಹೀಗೆ ಮೂರು ಕಡೆಯೂ ಕೇಳಿದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ.

ಮೊದಲು ಗೂಗಲ್, ಯಾಕಂದ್ರೆ ಗಿರಾಕಿಗಳು ಇರುವುದೇ ಅಲ್ಲಿ. ಹುಡುಕಿದ್ದಕ್ಕೆ ಎಐ ಬರೆದ ಉತ್ತರ ಕೊಡುವುದು ಅಲ್ಲಿ 2023ರ ಮೇ ತಿಂಗಳಲ್ಲಿ ಸರ್ಚ್ ಲ್ಯಾಬ್ಸ್‌ನಲ್ಲಿ (ಗೂಗಲ್ ಹೊಸ ಸೌಲಭ್ಯಗಳನ್ನು ಪರೀಕ್ಷೆಗೆ ಇಡುವ ಜಾಗ) ಪ್ರಯೋಗ ಅಂತ ಶುರುವಾಗಿ, ಅದೇ ವರ್ಷ ಆಗಸ್ಟ್‌ನಲ್ಲಿ ಭಾರತಕ್ಕೆ ಬಂತು. 2024ರಲ್ಲಿ ಅದೇ ಎಐ ಓವರ್‌ವ್ಯೂ, ಅಂದರೆ ಲಿಂಕುಗಳ ಮೇಲೆ ಕಾಣುವ ಚುಟುಕು ಉತ್ತರ, ಆಯಿತು. 2025ರಲ್ಲಿ ಪೂರ್ತಿ ಎಐ ಉತ್ತರವನ್ನೇ ಕೊಡುವ ಎಐ ಮೋಡ್ ಕೂಡ ಬಂತು. ಎಐ ಮೋಡ್ ಕೆಲಸ ಮಾಡುವ ರೀತಿ ನಮಗೆ ತುಂಬಾ ಮುಖ್ಯ. ನೀವು ಕೇಳಿದ ಒಂದು ಪ್ರಶ್ನೆಯನ್ನು ಅದು ಒಳಗೊಳಗೇ ಹಲವು ಸಣ್ಣ ಪ್ರಶ್ನೆಗಳಾಗಿ ಒಡೆದು, ಎಲ್ಲವನ್ನೂ ಒಟ್ಟಿಗೆ ಹುಡುಕಿ, ಆಮೇಲೆ ಒಂದು ಉತ್ತರ ಕಟ್ಟುತ್ತದೆ. ಅಂದರೆ "ಇಳಕಲ್ ಸೀರೆ ಆನ್‌ಲೈನ್" ಅನ್ನೋ ಒಂದೇ ಪದಕ್ಕೆ ಪುಟ ಮಾಡಿಟ್ಟರೆ ಸಾಕಾಗುವುದಿಲ್ಲ. ಸೀರೆ ಒಡಲಿನ ಹಾಸು ನೂಲಿಗೆ (ಮಗ್ಗದ ಉದ್ದಕ್ಕೆ ಹಾಸುವ ಎಳೆ) ಸೆರಗಿನ ಹಾಸು ನೂಲನ್ನು ಕೊಂಡಿ ಹಾಕಿ ಸೇರಿಸುವುದು ಹೇಗೆ, ಅಂಚಿನ ಬಗೆಗಳಾದ ಚಿಕ್ಕಿ ದಡಿಗೂ ಗೋಮಿ ದಡಿಗೂ ಏನು ವ್ಯತ್ಯಾಸ, ಹತ್ತಿ ಒಡಲಿನ ಸೀರೆ ಒಗೆಯುವುದು ಹೇಗೆ, ಇಂಥ ಒಂದೊಂದಕ್ಕೂ ನೇರ ಉತ್ತರ ಇರುವ ಪುಟ ಬೇಕು. ದೊಡ್ಡ ಮಾರಾಟ ತಾಣಗಳು ಇದನ್ನೆಲ್ಲ ಬರೆಯುವ ಗೋಜಿಗೆ ಹೋಗುವುದು ಕಮ್ಮಿ. ಸಣ್ಣವರಿಗೆ ಬಾಗಿಲು ಇರುವುದು ಇಲ್ಲೇ. ಆದರೆ ಲೆಕ್ಕ ಇಡುವುದು ಕಷ್ಟ: ನಾನು ನೋಡಿದಾಗ, ಗೂಗಲ್‌ನಿಂದ ನಮ್ಮ ತಾಣಕ್ಕೆ ಎಷ್ಟು ಜನ ಬಂದರು ಅಂತ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಎಐ ಮೋಡ್‌ನ ಕ್ಲಿಕ್ಕುಗಳು ಮಾಮೂಲಿ ಹುಡುಕಾಟದ ಕ್ಲಿಕ್ಕುಗಳ ಜೊತೆ ಬೆರೆತೇ ಕಾಣುತ್ತಿದ್ದವು.

ಪರ್ಪ್ಲೆಕ್ಸಿಟಿಯಲ್ಲಿ ನನಗೆ ಇಷ್ಟವಾದದ್ದು, ಉತ್ತರದ ಮಾತುಗಳಿಗೆ ಎಲ್ಲಿಂದ ಬಂತು ಅಂತ ಅಲ್ಲಲ್ಲೇ ಗುರುತು ಹಾಕಿರುತ್ತದೆ. ಯಾರ ಪುಟದಿಂದ ಯಾವ ಮಾತು ಹೋಯಿತು ಅಂತ ತಕ್ಷಣ ಗೊತ್ತಾಗುತ್ತದೆ. ಉತ್ತರದ ಕೆಳಗೆ ಅದೇ ಸೂಚಿಸುವ ಮುಂದಿನ ಪ್ರಶ್ನೆಗಳು ಸುಮ್ನೆ ಬಂದವಲ್ಲ ಅಂತ ನನಗೆ ಅನ್ನಿಸುತ್ತದೆ. ಮುಂದೆ ಏನು ಬರೆಯಬೇಕು ಅನ್ನುವ ಪಟ್ಟಿ ಅಲ್ಲೇ ಸಿಕ್ಕಿತು. 2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅವರು ಪ್ರಾಯೋಜಿತ ಪ್ರಶ್ನೆ ಅನ್ನುವ ಜಾಹೀರಾತನ್ನೂ ಪ್ರಯೋಗಕ್ಕೆ ಇಟ್ಟರು. ಅಲ್ಲಿ ದುಡ್ಡು ಕೊಟ್ಟವರದ್ದು ಪ್ರಶ್ನೆ ಮಾತ್ರ, ಉತ್ತರ ಬರೆಯುತ್ತಿದ್ದದ್ದು ಯಂತ್ರವೇ. ಜಾಹೀರಾತಿನ ಒಕ್ಕಣೆ ನಿಮ್ಮ ಕೈಯಲ್ಲಿ ಇರುವುದಿಲ್ಲ ಅಂದಮೇಲೆ ಇಂಥದ್ದಕ್ಕೆ ದುಡ್ಡು ಹಾಕುವ ಮುಂಚೆ ನಾನಂತೂ ಎರಡು ಸಲ ಯೋಚಿಸುತ್ತೇನೆ.

ಚಾಟ್‌ಜಿಪಿಟಿ ಹುಡುಕಾಟ 2024ರ ಅಕ್ಟೋಬರ್ 31ರಂದು ಬಂತು. ಇಲ್ಲಿ ಜನ ಹುಡುಕುವುದಕ್ಕಿಂತ ಜಾಸ್ತಿ ಮಾತಾಡುತ್ತಾರೆ: ಅಮ್ಮನಿಗೆ ಸೀರೆ ಬೇಕು, ಇಷ್ಟು ಬಜೆಟ್, ಕಡು ಬಣ್ಣ ಬೇಡ ಅಂತ. ಅಷ್ಟೆಲ್ಲ ಹೇಳಿ ಮುಗಿಸಿ ಲಿಂಕ್ ಒತ್ತಿದವರು ಕೊಳ್ಳಲು ಅರ್ಧ ಸಿದ್ಧರಾಗೇ ಬರುತ್ತಾರೆ. ಅದರ ಲಿಂಕುಗಳಲ್ಲಿ 'ಯುಟಿಎಂ ಸೋರ್ಸ್', ಅಂದರೆ ಎಲ್ಲಿಂದ ಬಂದರು ಅಂತ ಹೇಳುವ ಗುರುತು ಇರುತ್ತದೆ, ಹಾಗಾಗಿ ತಾಣಕ್ಕೆ ಬಂದವರ ಲೆಕ್ಕ ಇಡುವ ಅನಲಿಟಿಕ್ಸ್‌ನಲ್ಲಿ ಬೇರೆಯಾಗಿ ಎಣಿಸಬಹುದು. ಸಣ್ಣ ಅಂಗಡಿಗೆ ಇದು ದೊಡ್ಡ ಅನುಕೂಲ.

ಒಂದು ವಿಷಯ ಮಾತ್ರ ನನಗೆ ಸಂಕಟ ಕೊಟ್ಟಿತು. ಇವುಗಳಲ್ಲಿ ಒಂದು, ಪವರ್‌ಲೂಮ್ (ವಿದ್ಯುತ್ ಮಗ್ಗ) ಸೀರೆಯ ಲಕ್ಷಣವನ್ನೇ ಕೈಮಗ್ಗದ ಗುರುತು ಅಂತ ಧೈರ್ಯವಾಗಿ ಹೇಳಿತು. ಕನ್ನಡದಲ್ಲಿ ಕೇಳಿದಾಗ ಆಧಾರವಾಗಿ ಸಿಕ್ಕ ಪುಟಗಳೇ ತೀರಾ ಕಮ್ಮಿ. ಕೂತು ನೇಯ್ದವರ ದುಡಿಮೆಗೆ ಇದು ನೇರ ಪೆಟ್ಟು, ಅಲ್ವಾ? ಸರಿಯಾದ ಮಾತನ್ನು ನಾವು ಬರೆದಿಡದಿದ್ದರೆ ಯಂತ್ರ ಎಲ್ಲಿಂದ ತರಬೇಕು?

ನನ್ನ ಆಯ್ಕೆ ಹೀಗಿದೆ. ಬರೆಯುವಾಗ ಎಐ ಮೋಡ್ ಮನಸ್ಸಿನಲ್ಲಿಟ್ಟು ಬರೆಯುತ್ತೇನೆ, ಬರೆದದ್ದು ತಲುಪಿತಾ ಅಂತ ಪರ್ಪ್ಲೆಕ್ಸಿಟಿಯಲ್ಲಿ ನೋಡುತ್ತೇನೆ, ಮಾರಾಟ ಆಯಿತಾ ಅನ್ನುವುದಕ್ಕೆ ಚಾಟ್‌ಜಿಪಿಟಿಯ ಲೆಕ್ಕ ಇಡುತ್ತೇನೆ. ಈಗ ಕೈಯಲ್ಲಿರುವ ಕೆಲಸ ಕೊಂಡಿ ಹಾಕುವುದನ್ನು ಹಂತಹಂತವಾಗಿ ತೋರಿಸುವ ಕನ್ನಡ ಪುಟ, ನೇಕಾರರೇ ಹೇಳಿಕೊಟ್ಟ ಮಾತುಗಳಲ್ಲಿ.