ಉರಿಯುವ ಚರ್ಮಕ್ಕೆ ಕ್ಯಾಲಮೈನ್: ಮೂರು ತಿಂಗಳು ಹಚ್ಚಿಕೊಂಡ ಮೇಲೆ

ಮನೆಯಲ್ಲೇ ಬೆಳಕಿನಿಂದ ರೋಮ ತೆಗೆಯುವ ಯಂತ್ರವನ್ನು ನಾನು ಮೊದಲ ಸಲ ಹಿಡಿದದ್ದು ಫೆಬ್ರವರಿಯ ಒಂದು ಭಾನುವಾರ. ದಾವಣಗೆರೆಯಲ್ಲಿ ಆಗಲೇ ಬಿಸಿಲು ಏರಿತ್ತು. ಎರಡೂ ಕಾಲು ಮುಗಿಸಿ ಎದ್ದಾಗ ಏನೂ ಅನ್ನಿಸಲಿಲ್ಲ. ಅರ್ಧ ಗಂಟೆಯ ಮೇಲೆ ಎಡಗಾಲಿನ ಎಲುಬಿನ ಉದ್ದಕ್ಕೂ ಕೆಂಪು ಚೌಕಗಳು ಒಂದೊಂದಾಗಿ ಎದ್ದವು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ದಿನವಿಡೀ ಚಲನ್‌ಗಳ ಮೇಲೆ ಮೊಹರು ಒತ್ತುತ್ತೇನೆ. ಕಾಲಿನ ಮೇಲೆ ಯಾರೋ ಕೆಂಪು ಶಾಯಿಯಲ್ಲಿ ಸಾಲಾಗಿ ಮೊಹರು ಒತ್ತಿದಂತೆ ಕಾಣುತ್ತಿತ್ತು. ಒಂದು ಚೌಕದ ಅಂಚು ಇನ್ನೊಂದರ ಮೇಲೆ ಬಿದ್ದ ಕಡೆಯಲ್ಲಿ ಕೆಂಪು ಇನ್ನೂ ಗಾಢವಾಗಿತ್ತು. ಅಲ್ಲೇ ಉರಿ ಹೆಚ್ಚು.

ತಪ್ಪು ನನ್ನದೇ. ಮೊದಲು ಒಂದು ಸಣ್ಣ ಜಾಗದಲ್ಲಿ ಪರೀಕ್ಷಿಸಿ ಒಂದು ದಿನ ಕಾಯಬೇಕು ಎಂದು ಕೈಪಿಡಿಯಲ್ಲಿ ಬರೆದಿದ್ದರೂ ಕಾಯಲಿಲ್ಲ. ಬೇಗ ಫಲ ಸಿಗಲಿ ಎಂದು ಬೆಳಕಿನ ಮಟ್ಟವನ್ನೂ ಏರಿಸಿಕೊಂಡಿದ್ದೆ. ಈ ಯಂತ್ರದ ಬೆಳಕನ್ನು ಹೀರಿಕೊಳ್ಳುವುದು ಕೂದಲಿನ ಕಪ್ಪು ಬಣ್ಣ, ಅಂದರೆ ಮೆಲನಿನ್. ಅದು ಕಾದು ಬಿಸಿ ಬುಡಕ್ಕೆ ಇಳಿಯುತ್ತದೆ. ಆದರೆ ಅದೇ ಮೆಲನಿನ್ ನಮ್ಮ ಚರ್ಮದಲ್ಲೂ ಇದೆ. ಬೆಳಕಿಗೆ ಇದು ಕೂದಲು, ಇದು ಚರ್ಮ ಎಂಬ ಭೇದವಿಲ್ಲ. ಚರ್ಮ ಕಪ್ಪಾದಷ್ಟೂ ಬಿಸಿ ಅಲ್ಲೇ ನಿಲ್ಲುತ್ತದೆ. ಕೈಪಿಡಿಗಳಲ್ಲಿ ಕಾಣುವ ಬಣ್ಣದ ಪಟ್ಟಿಯ ಹಿಂದಿರುವುದು ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಅಮೆರಿಕದ ಚರ್ಮವೈದ್ಯರು 1975ರಲ್ಲಿ ಆರಂಭಿಸಿದ ವರ್ಗೀಕರಣ. ಅದು ಮೊದಲಿಗೆ ಬಿಳಿ ಚರ್ಮದವರಿಗಷ್ಟೇ ಇತ್ತು. ಕಂದು, ಕಪ್ಪು ಚರ್ಮದ ದರ್ಜೆಗಳು ಆಮೇಲೆ ಸೇರಿ ಒಟ್ಟು ಆರಾದವು. ಆರನೆಯ ದರ್ಜೆಯವರು ಬಳಸಲೇಬಾರದು ಎಂದು ಬಹುತೇಕ ಮನೆಯಂತ್ರಗಳ ಕೈಪಿಡಿಗಳು ಹೇಳುತ್ತವೆ. ನನ್ನದು ಐದನೆಯದಕ್ಕೆ ಹತ್ತಿರ. ಕಡಿಮೆ ಮಟ್ಟದಲ್ಲೇ ಇರಬೇಕಾದವಳು ನಾನು.

ಉರಿ ಆರಿಸಲು ಮೊದಲು ಹಚ್ಚಿದ್ದು ಅಂಗಡಿಯಿಂದ ತಂದ ಹಸಿರು ಬಣ್ಣದ ಲೋಳೆಸರದ ಜೆಲ್. ಹಚ್ಚಿದ ಕ್ಷಣ ತಂಪು, ಮರುಕ್ಷಣ ಚುರುಚುರು. ಡಬ್ಬಿ ತಿರುಗಿಸಿ ಓದಿದರೆ ಪಟ್ಟಿಯಲ್ಲಿ ಆಲ್ಕೊಹಾಲ್, ಸುಗಂಧ, ಬಣ್ಣ ಎಲ್ಲವೂ ಇದ್ದವು. ಬಿಸಿ ತಿಂದ ಚರ್ಮಕ್ಕೆ ಅತ್ತರಿನ ವಾಸನೆ ಯಾಕೆ ಬೇಕು? ತಕ್ಷಣ ತೊಳೆದುಕೊಂಡೆ.

ಮರುದಿನ ಹಿತ್ತಲಿನ ಗಿಡದಿಂದಲೇ ಒಂದು ಎಲೆ ಕೊಯ್ದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಎಲೆ ಕೊಯ್ದ ಕೂಡಲೇ ಕತ್ತರಿಸಿದ ಬಾಯಿಂದ ಹಳದಿ ರಸ ಒಸರುತ್ತದೆ. ಅದು ಲೋಳೆಯಲ್ಲ, ಸಿಪ್ಪೆಯ ಒಳಮೈಯಲ್ಲಿರುವ ಕಹಿ ರಸ. ಅದು ತಾಗಿದರೆ ಕೆಲವರ ಚರ್ಮಕ್ಕೆ ನವೆ ಏಳುತ್ತದೆ. ನನಗೆ ಎದ್ದಿತು. ಎಲೆಯನ್ನು ಬುಡ ಕೆಳಗೆ ಮಾಡಿ ಲೋಟದಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಹಳದಿಯೆಲ್ಲ ಇಳಿದ ಮೇಲೆ ಸಿಪ್ಪೆ ಸುಲಿದು, ಒಳಗಿನ ಗಾಜಿನಂಥ ತಿರುಳನ್ನು ನೀರಿನಲ್ಲಿ ಜಾಲಿಸಿಕೊಂಡು ಹಚ್ಚಬೇಕು. ಎರಡನೆಯ ಸಲ ಹಾಗೆ ಮಾಡಿದೆ, ಹಿತವಾಗಿಯೇ ಇತ್ತು. ಆದರೆ ಒಣಗಿದ ಮೇಲೆ ಚರ್ಮ ಬಿಗಿದಂತಾಗುತ್ತದೆ. ಕಚೇರಿಗೆ ಹೋಗುವ ಬೆಳಗ್ಗೆ ಈ ಕೆಲಸಕ್ಕೆಲ್ಲ ಹೊತ್ತೆಲ್ಲಿ?

ಅಮ್ಮ ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ತಂದರು. "ಸುಟ್ಟದ್ದಕ್ಕೆ ಇದಕ್ಕಿಂತ ಬೇರೆ ಔಷಧಿ ಉಂಟೇನೇ?" ಎಂದರು. ಅವರ ಕೈಯ ಮದ್ದಿನಲ್ಲೇ ಬೆಳೆದವಳಾದರೂ ಈ ಸಲ ಬೇಡವೆಂದೆ. ಬಿಸಿ ಇನ್ನೂ ಒಳಗಿರುವಾಗ ಮೇಲೆ ಎಣ್ಣೆಯ ಪದರ ಕೂರಿಸಿದರೆ ಅದು ಆರುವುದು ತಡವಾಗುತ್ತದೆ. ಅರಿಶಿನದ ಬಣ್ಣದಡಿ ಕೆಂಪು ಏರುತ್ತಿದೆಯೋ ಇಳಿಯುತ್ತಿದೆಯೋ ಕಾಣುವುದೂ ಇಲ್ಲ.

ಒಂದು ಔಷಧಿ ಅಂಗಡಿಯಲ್ಲಿ ಕೇಳಿದೆ. "ಅಕ್ಕಾ, ಇದನ್ನು ಹಚ್ಚಿ, ರಾತ್ರಿಗೆಲ್ಲ ಮಾಯವಾಗುತ್ತದೆ" ಎಂದು ಹುಡುಗ ಒಂದು ಟ್ಯೂಬ್ ಮುಂದಿಟ್ಟ. ಓದಿದರೆ ಕ್ಲೋಬೆಟಾಸೋಲ್, ಜೊತೆಗೆ ಶಿಲೀಂಧ್ರದ ಮದ್ದು, ಆ್ಯಂಟಿಬಯೋಟಿಕ್. ಕ್ಲೋಬೆಟಾಸೋಲ್ ಎಂದರೆ ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲೇ ಅತಿ ತೀಕ್ಷ್ಣವಾದ ಗುಂಪಿನದು. ನನ್ನ ಚಿಕ್ಕಮ್ಮನ ಮಗಳು ಮುಖ ಬೆಳ್ಳಗಾಗಲಿ ಎಂದು ಇಂಥದೇ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚಿ, ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಮುಖ ಕೆಂಡವಾಗುವ ಸ್ಥಿತಿಗೆ ಬಂದಿದ್ದಳು. ಅವಳು ಕನ್ನಡಿಯ ಮುಂದೆ ಕುಳಿತು ಅತ್ತದ್ದನ್ನು ನೋಡಿದ್ದೇನೆ. ದಯವಿಟ್ಟು ವೈದ್ಯರ ಚೀಟಿಯಿಲ್ಲದೆ ಇಂಥದ್ದನ್ನು ಮುಟ್ಟಬೇಡಿ. ಟ್ಯೂಬನ್ನು ಹಿಂದಕ್ಕೆ ತಳ್ಳಿ ಸಾದಾ ಕ್ಯಾಲಮೈನ್ ಲೋಷನ್ ಕೇಳಿದೆ. ನೂರು ಎಂಎಲ್ ಬಾಟಲಿಗೆ ನಾನು ಕೊಟ್ಟದ್ದು 110 ರೂಪಾಯಿ.

ಈಗ ವಿಷಯಕ್ಕೆ ಬರುತ್ತೇನೆ. ಬಾಟಲಿಯನ್ನು ಸುಮ್ಮನೆ ಇಟ್ಟರೆ ತಳದಲ್ಲಿ ಗುಲಾಬಿ ಪುಡಿ, ಮೇಲೆ ತಿಳಿನೀರು. ಚೆನ್ನಾಗಿ ಅಲ್ಲಾಡಿಸಿದರೆ ಎರಡೂ ಕೂಡಿ ನೀರು ಮಜ್ಜಿಗೆಯ ಹದಕ್ಕೆ ಬರುತ್ತದೆ. ಅದರಲ್ಲಿರುವುದು ಮುಖ್ಯವಾಗಿ ಸತುವಿನ ಆಕ್ಸೈಡ್. ಗುಲಾಬಿ ಬಣ್ಣ ಬರುವುದು ಅದಕ್ಕೆ ಬೆರೆತ ಚೂರು ಕಬ್ಬಿಣದ ಆಕ್ಸೈಡಿನಿಂದ. ಹತ್ತಿಯಲ್ಲಿ ಅದ್ದಿ ಚೌಕಗಳ ಮೇಲೆ ಒತ್ತಿದರೆ, ಉಜ್ಜಬಾರದು, ಬರೀ ಒತ್ತಬೇಕು, ಅದರ ನೀರು ಆರುತ್ತ ಆರುತ್ತ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಫ್ಯಾನಿನ ಕೆಳಗೆ ಕಾಲು ಚಾಚಿ ಕುಳಿತಿದ್ದೆ. ಐದಾರು ನಿಮಿಷದಲ್ಲಿ ಗುಲಾಬಿ ಬಿಳಿಚಿ ರಂಗೋಲಿ ಪುಡಿಯ ತೆಳು ಲೇಪದಂತಾಯಿತು. ಅಷ್ಟು ಹೊತ್ತಿಗೆ ಚುರುಚುರು ಹೋಗಿತ್ತು. ಎರಡು ದಿನದ ನಂತರ ಮೊದಲ ಸಲ ಆ ರಾತ್ರಿ ಕಾಲು ಕೆರೆಯದೆ ನಿದ್ದೆ ಮಾಡಿದೆ.

ಈಗ ನನ್ನ ಕ್ರಮ ಹೀಗಿದೆ. ಹಿಂದಿನ ರಾತ್ರಿ ರೇಜರ್, ವ್ಯಾಕ್ಸ್ ಅಲ್ಲ. ವ್ಯಾಕ್ಸ್ ಕೂದಲನ್ನು ಬುಡಸಮೇತ ಕಿತ್ತರೆ ಬೆಳಕಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಎರಡು ವಾರಕ್ಕೊಮ್ಮೆ, ಕೆಳಗಿನ ಮಟ್ಟದಲ್ಲಿ, ಒಂದು ಜಾಗಕ್ಕೆ ಒಂದೇ ಮಿಂಚು. ಮುಗಿದ ಕೂಡಲೇ ಮಡಕೆಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯ ಪಂಚೆಯ ತುಂಡು ಹತ್ತು ನಿಮಿಷ. ಐಸನ್ನು ನೇರವಾಗಿ ಇಡುವುದಿಲ್ಲ, ಅದು ಚರ್ಮವನ್ನು ಬೇರೆ ರೀತಿಯಲ್ಲಿ ಸುಡುತ್ತದೆ. ಕಾಲು ಒಣಗಿದ ಮೇಲೆ ಕ್ಯಾಲಮೈನ್. ಆ ದಿನ ಬಿಸಿನೀರಿನ ಸ್ನಾನವಿಲ್ಲ, ಸ್ಕ್ರಬ್ ಇಲ್ಲ, ಬಿಗಿಯಾದ ಲೆಗ್ಗಿಂಗ್ಸ್ ಇಲ್ಲ, ಸಡಿಲವಾದ ಹತ್ತಿಯ ಪೈಜಾಮ. ಕಂಕುಳಿಗೆ ಮಾಡಿಕೊಂಡ ದಿನ ಡಿಯೋಡರೆಂಟ್ ಕೂಡ ಇಲ್ಲ.

ಕ್ಯಾಲಮೈನ್‌ನ ಕೊರತೆಗಳೂ ಇವೆ. ಚರ್ಮವನ್ನು ಬಹಳ ಒಣಗಿಸುತ್ತದೆ, ಎರಡನೆಯ ದಿನ ಮೊಣಕಾಲಿನ ಸುತ್ತ ಹೊಟ್ಟು ಎದ್ದಿತು. ಈಗ ಉರಿ ನಿಂತ ಮರುದಿನದಿಂದ ಅದನ್ನು ಬಿಟ್ಟು ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚುತ್ತೇನೆ. ಕಪ್ಪು ಬಟ್ಟೆಗೆ ಬಿಳಿ ಪುಡಿ ಅಂಟುತ್ತದೆ. ಕಂಕುಳಲ್ಲಿ ಬೆವರಿಗೆ ಮುದ್ದೆಯಾಗಿ ಕೂರುತ್ತದೆ, ಅಲ್ಲಿಗೆ ಒದ್ದೆ ಬಟ್ಟೆಯೊಂದೇ ಸಾಕು. ಬೊಬ್ಬೆ ಎದ್ದರೆ, ಚರ್ಮ ಒಡೆದರೆ, ಉರಿ ಎರಡು ಮೂರು ದಿನವಾದರೂ ಇಳಿಯದಿದ್ದರೆ ಇದು ಮದ್ದೇ ಅಲ್ಲ. ಬೊಬ್ಬೆ ಕಂಡರೆ ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿದು ಚರ್ಮವೈದ್ಯರ ಬಳಿ ಹೋಗಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಒಂದು ಕಳೆದದ್ದು ಆ ಒಣಗುವಿಕೆಗೆ.

ಇನ್ನೊಂದು ಮಾತು. ನಮ್ಮಂಥ ಕಂದು ಚರ್ಮದವರನ್ನು ಹೆಚ್ಚು ಕಾಡುವುದು ಉರಿಯಲ್ಲ, ಉರಿ ಬಿಟ್ಟುಹೋಗುವ ಕಪ್ಪು ಕಲೆ. ಅದನ್ನು ಯಾವ ಲೋಷನ್ನೂ ಒಂದೇ ರಾತ್ರಿಯಲ್ಲಿ ಅಳಿಸದು. ನಿಂಬೆಹಣ್ಣು ಉಜ್ಜಿದರೆ ಹೋಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಿಂಬೆರಸ ತಾಗಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಅದೇ ಇನ್ನೊಂದು ಸುಟ್ಟ ಗಾಯವಾಗಬಹುದು ಎಂದು ಅವರಿಗೆ ತಿಳಿಸಿದೆ. ನಾನು ಮಾಡುತ್ತಿರುವುದು ಇಷ್ಟೇ: ಬಸ್ ನಿಲ್ದಾಣಕ್ಕೆ ನಡೆಯುವ ಮುಂಚೆ ಕಾಲಿಗೂ ಎಸ್‌ಪಿಎಫ್ 50ರ ಸನ್‌ಸ್ಕ್ರೀನ್. ಮೇ ತಿಂಗಳು ಬಂದಿದೆ. ಬಲಗಾಲಿನಲ್ಲಿ ಗುರುತೇ ಇಲ್ಲ. ಎಡಗಾಲಿನಲ್ಲಿ ಅಂಚು ಕೂಡಿದ್ದ ಕಡೆ ಎರಡು ಗೆರೆಗಳು ಉಳಿದಿವೆ, ತಿಳಿ ಚಹಾದ ಬಣ್ಣಕ್ಕೆ ಬಂದಿವೆ.