1951ರ ಶೆವ್ರೊಲೆ ಪಿಕಪ್‌ಗೆ ಯಾವ ಇಂಜಿನ್? 235, 350, 5.3 ಓಡಿಸಿ ನೋಡಿದ ಮೇಲೆ

ಹಾಟ್ ರಾಡ್, ಅಂದರೆ ಹಳೇ ಗಾಡಿಗೆ ಬೇರೆ ಬಲವಾದ ಇಂಜಿನ್ ಹಾಕಿದ ಪಿಕಪ್ ಕಟ್ಟಲು ಹೊರಟವರು ಮೊದಲು ಕೇಳುವುದು ಇಂಜಿನ್ನಿನ ರೇಟು. ಅದು ಲೆಕ್ಕದಲ್ಲಿ ಸಣ್ಣ ಬಾಬ್ತು. ಆ ಇಂಜಿನ್ ಕೂರಿಸಬೇಕಾದರೆ ಗಾಡಿಯಲ್ಲಿ ಇನ್ನೇನೇನು ಬಿಚ್ಚಿ ಬದಲಾಯಿಸಬೇಕು ಅನ್ನುವುದರಲ್ಲೇ ದುಡ್ಡೆಲ್ಲ ಹೋಗುವುದು.

ನನ್ನದು 1951ರ ಶೆವ್ರೊಲೆ 3100, ಅರ್ಧ ಟನ್ನಿನ ಪಿಕಪ್. ಮಿಶಿಗನ್‌ನಲ್ಲಿ ಮನೆಯ ಗರಾಜಿನಲ್ಲೇ ಇದಕ್ಕೆ ಮೊದಲು 350, ಆಮೇಲೆ 5.3 ಕೂರಿಸಿ ಓಡಿಸಿದ್ದೇನೆ. 235 ಇರುವುದು ಪಕ್ಕದ ಬೀದಿಯ ಗೆಳೆಯರ ಗಾಡಿಯಲ್ಲಿ (235, 350 ಅಂದರೆ ಇಂಜಿನ್ನಿನ ಗಾತ್ರ ಕ್ಯೂಬಿಕ್ ಇಂಚಿನಲ್ಲಿ, 5.3 ಅಂದರೆ ಲೀಟರಿನಲ್ಲಿ). ನನ್ನದೇ ಮಾಡೆಲ್ಲು, ಕೀಲಿ ಕೇಳಿದರೆ ಇಲ್ಲ ಅನ್ನದ ಮನುಷ್ಯ.

ಈ ಗಾಡಿಗೆ ಕಾರ್ಖಾನೆಯಲ್ಲಿ ಹಾಕಿದ್ದ ಇಂಜಿನ್ 216 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್, ಸುಮಾರು 90 ಎಚ್‌ಪಿ. ಅದರಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಒತ್ತಡದಲ್ಲಿ ಆಯಿಲ್ ಹೋಗುವುದಿಲ್ಲ. ರಾಡಿನ ತಳದಲ್ಲಿ ಪುಟ್ಟ ಸೌಟಿನಂಥದೊಂದು ತುಂಡಿದೆ. ಪ್ರತಿ ಸುತ್ತಿಗೂ ಅದು ಕೆಳಗಿನ ತೊಟ್ಟಿಯ ಆಯಿಲ್ ಮೊಗೆದು ಬೇರಿಂಗಿಗೆ ಉಣಿಸಬೇಕು. ಹೊಲದ ದಾರಿಗೆ ಅಷ್ಟು ಸಾಕು. ಫ್ರೀವೇಯಲ್ಲಿ ಗಂಟೆಗಟ್ಟಲೆ ತುಳಿಯುವುದಕ್ಕೆ ಆಗದು. ಹಾಗಾಗಿ ಅದನ್ನು ಇಲ್ಲಿಗೇ ಬಿಡೋಣ.

ಅದರ ತಮ್ಮನೇ 235. 1954ರಿಂದ ಈಚಿನದಾದರೆ ಬೇರಿಂಗ್‌ಗಳಿಗೆಲ್ಲ ಒತ್ತಡದಲ್ಲೇ ಆಯಿಲ್. ಶೆವ್ರೊಲೆಯ ಸ್ಪೋರ್ಟ್ಸ್ ಕಾರು, 1953ರ ಮೊದಲ ಕಾರ್ವೆಟ್ ಓಡಿದ್ದೂ 235ರಲ್ಲೇ, ಮೂರು ಕಾರ್ಬ್ಯುರೇಟರ್ ಹಚ್ಚಿ, 150 ಎಚ್‌ಪಿಗೆ. ಇದರ ದೊಡ್ಡ ಲಾಭ ಏನೆಂದರೆ ಚಿಲ್ಲರೆ ಹೊಂದಾಣಿಕೆ ಮಾಡಿಕೊಂಡರೆ ಹಳೇ ಗೇರ್‌ಬಾಕ್ಸಿಗೇ ಕೂರುತ್ತದೆ. ಶಾಫ್ಟು, ಆಕ್ಸಲ್ ಮುಟ್ಟಬೇಕಾಗಿಲ್ಲ. ಟಾಪ್ ಗೇರಿನಲ್ಲೇ ನಿಧಾನಕ್ಕೆ ತಿರುವು ದಾಟಿ ಮತ್ತೆ ಎಳೆದುಕೊಂಡು ಹೋಗುತ್ತದೆ, ಒಂದು ಸಲವೂ ಮುಕ್ಕರಿಯುವುದಿಲ್ಲ. ಆದರೆ ಹಿಂದಿನ ಆಕ್ಸಲ್ 4.11, ಅಂದರೆ ಚಕ್ರ ಒಂದು ಸುತ್ತಿದರೆ ಶಾಫ್ಟು ನಾಲ್ಕಕ್ಕೂ ಹೆಚ್ಚು ಸುತ್ತು; ವೇಗದಲ್ಲಿ ಇಂಜಿನ್ನನ್ನು ನಿಧಾನಕ್ಕೆ ತಿರುಗಲು ಬಿಡುವ ಓವರ್‌ಡ್ರೈವ್ ಗೇರೂ ಇಲ್ಲ. 55 ಮೈಲಿ ವೇಗ ದಾಟಿದರೆ ಇಂಜಿನ್ ಸುಸ್ತಾಗುವ ಮೊದಲು ಒಳಗೆ ಕೂತವರ ಕಿವಿ ಸುಸ್ತಾಗುತ್ತದೆ.

350ರ ಕತೆ ಬೇರೆ. 1955ರಲ್ಲಿ ಶುರುವಾದ, ಸ್ಮಾಲ್ ಬ್ಲಾಕ್ ಎಂಬ ಶೆವ್ರೊಲೆಯ ಎಂಟು ಸಿಲಿಂಡರ್ ಇಂಜಿನ್ ವಂಶಕ್ಕೆ 1967ರಲ್ಲಿ ಸೇರಿದ್ದು ಇದು. ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ, ಅದೂ ಅಗ್ಗಕ್ಕೆ. ಎಂಟು ಸಿಲಿಂಡರ್ ಅಂದರೆ ಭಾರ ಅನ್ನಿಸುತ್ತದೆ, ಆದರೆ ಹಳೇ ಕಬ್ಬಿಣದ ಆರಕ್ಕಿಂತ ಸ್ವಲ್ಪ ಹಗುರವೇ. ಉದ್ದ ಕಡಿಮೆ, ಆದ್ದರಿಂದ ರೇಡಿಯೇಟರಿಗೂ ಫ್ಯಾನಿಗೂ ಧಾರಾಳ ಜಾಗ.

ಆದರೆ ಹಳೇ ಗೇರ್‌ಬಾಕ್ಸ್ ಬಿಟ್ಟ ಕೂಡಲೇ ಸರಮಾಲೆ ಶುರು. 3100ರ ಡ್ರೈವ್ ಶಾಫ್ಟ್ ಕೊಳವೆಯೊಳಗೆ ಮುಚ್ಚಿಕೊಂಡಿದೆ, ಆ ಕೊಳವೆ ಆಕ್ಸಲಿಗೇ ಬೋಲ್ಟ್ ಆಗಿದೆ. ಗೇರ್‌ಬಾಕ್ಸ್ ಬದಲಾದರೆ ಶಾಫ್ಟು, ಶಾಫ್ಟು ಬದಲಾದರೆ ಆಕ್ಸಲು. 6 ವೋಲ್ಟ್ ಹೋಗಿ 12 ಬರಬೇಕು. ಇಷ್ಟು ಬಲ ಬಂದ ಮೇಲೆ ಹಳೇ ಡ್ರಮ್ ಬ್ರೇಕ್ ನಂಬಿ ಕೂರುವುದು ಹುಚ್ಚುತನ, ಮುಂದಕ್ಕೆ ಡಿಸ್ಕ್ ಹಾಕಲೇಬೇಕು. ಎಡಗಡೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟೇರಿಂಗ್ ಬಾಕ್ಸಿಗೆ ತಗಲುತ್ತದೆ; ನಡುವಿನಿಂದ ನೇರ ಕೆಳಕ್ಕಿಳಿಯುವ, ಟಗರಿನ ಕೊಂಬಿನ ಹೆಸರಿನ ಹಳೇ ಮ್ಯಾನಿಫೋಲ್ಡ್ ಹುಡುಕಿ ತಂದರೆ ಸಲೀಸು.

ಇನ್ನು ಡಿಸ್ಟ್ರಿಬ್ಯೂಟರ್, ಸಿಲಿಂಡರುಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಭಾಗ. ಸ್ಮಾಲ್ ಬ್ಲಾಕಿನಲ್ಲಿ ಅದು ಇಂಜಿನ್ನಿನ ಹಿಂತುದಿಯಲ್ಲಿ, ಕ್ಯಾಬಿನ ಗೋಡೆಗೆ ಅಂಟಿಕೊಂಡ ಹಾಗೆ. ಸ್ಪಾರ್ಕಿನ ಟೈಮಿಂಗ್ ಸರಿಮಾಡಬೇಕೆಂದರೆ ಫೆಂಡರ್ ಮೇಲೆ ಹೊಟ್ಟೆ ಊರಿ, ಒಂದು ಕೈಯಲ್ಲಿ ಲೈಟ್ ಹಿಡಿದು, ಇನ್ನೊಂದು ಕೈಯನ್ನು ಕಣ್ಣಿಗೆ ಕಾಣದ ಸಂದಿಗೆ ತೂರಿಸಿ ಕ್ಲ್ಯಾಂಪಿನ ಬೋಲ್ಟ್ ಹುಡುಕಬೇಕು. ಸ್ಪ್ಯಾನರ್ ಅರ್ಧ ಸುತ್ತು ತಿರುಗುವುದರೊಳಗೆ ಬೆರಳ ಗೆಣ್ಣು ತರಚುತ್ತದೆ. ಆದರೂ ಒಂದು ಮಾತು: ರಸ್ತೆ ಬದಿ ಕೆಟ್ಟು ನಿಂತರೆ ಸ್ಪಾರ್ಕ್ ಇದೆಯಾ, ಪೆಟ್ರೋಲ್ ಬರುತ್ತಿದೆಯಾ ಎಂದು ನೋಡಿದರೆ ಮುಗಿಯಿತು. ಲ್ಯಾಪ್‌ಟಾಪ್ ಬೇಡ.

5.3 ಅಂದರೆ ಶೆವ್ರೊಲೆಯ ಸಿಲ್ವರಾಡೊ ಟ್ರಕ್ಕುಗಳಲ್ಲಿ 1999ರಿಂದ ಬಂದ, ಎಲ್‌ಎಂ7 ಎಂಬ ಹೆಸರಿನ ಇಂಜಿನ್. ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ಡಿಸ್ಟ್ರಿಬ್ಯೂಟರೇ ಇಲ್ಲ, ಸಿಲಿಂಡರಿಗೊಂದು ಕಾಯಿಲ್. 350ಕ್ಕಿಂತ ಚಿಕ್ಕದು, 325 ಕ್ಯೂಬಿಕ್ ಇಂಚು. ಆದರೆ ಕಾರ್ಖಾನೆಯಿಂದಲೇ, ವರ್ಷಕ್ಕೆ ತಕ್ಕ ಹಾಗೆ, 270ರಿಂದ 295 ಎಚ್‌ಪಿ. 350ರ ಟ್ರಕ್ ಮಾದರಿಗಳಲ್ಲಿ ಒಳ್ಳೆಯದೆನಿಸಿದ 1996ರ ವೋರ್ಟೆಕ್ ಕೊಟ್ಟದ್ದು 255.

ಕೆಲಸ ಮಾತ್ರ ದುಪ್ಪಟ್ಟು. ಟ್ರಕ್ಕಿನ ಆಯಿಲ್ ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಆಳ, ಅದು ಹೋಗಿ ಬೇರೆ ಸಂಪ್ ಬರಬೇಕು. ಇಂಜೆಕ್ಷನ್ನಿಗೆ ಸುಮಾರು 58 ಪಿಎಸ್‌ಐ ಒತ್ತಡದ ಪಂಪ್ ಬೇಕು. 1951ರ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನೊಳಗೆ, ಸೀಟಿನ ಹಿಂದೆ! ಬೆನ್ನ ಹಿಂದೆ ಅಷ್ಟು ಒತ್ತಡದ ಪೆಟ್ರೋಲ್ ಇಟ್ಟುಕೊಂಡು ಯಾರು ಕೂರುತ್ತಾರೆ? ಟ್ಯಾಂಕ್ ಹಿಂದೆ ಸಾಮಾನು ತುಂಬುವ ತೊಟ್ಟಿಯಡಿಗೆ ಹೋಯಿತು. ಕಂಪ್ಯೂಟರಿನಲ್ಲಿ ಕಳ್ಳತನ ತಡೆಯುವ ಪ್ರೋಗ್ರಾಂ ತೆಗೆಸದಿದ್ದರೆ ಇಂಜಿನ್ ಹತ್ತಿ ಕೂಡಲೇ ಆರುತ್ತದೆ. ಇಂಜಿನ್ನಿಗೆ ಗಾಳಿ ಒಯ್ಯುವ ಎತ್ತರದ ಪ್ಲಾಸ್ಟಿಕ್ ಇನ್‌ಟೇಕ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. 3100ರ ಬಾನೆಟ್ ಎತ್ತರ, ತಕರಾರಿಲ್ಲದೆ ಮುಚ್ಚಿತು.

ಓಡಿಸಿದಾಗ? ಏಪ್ರಿಲ್ ಚಳಿಯಲ್ಲಿ 350ಕ್ಕೆ ಚೋಕ್ ಎಳೆದು, ಪೆಡಲ್ ಎರಡು ಸಲ ಒತ್ತಿ, ಬಿಸಿಯಾಗುವವರೆಗೂ ಕಾಯಬೇಕಿತ್ತು. 5.3 ಸೆಲ್ಫ್ ಮುಟ್ಟಿದ ಕೂಡಲೇ ಸ್ಟಾರ್ಟ್. ಗರಾಜಿನಲ್ಲಿ ಪೆಟ್ರೋಲ್ ವಾಸನೆಯೂ ಇಲ್ಲ. 70 ಮೈಲಿ ವೇಗದಲ್ಲಿ ಪಕ್ಕದವರ ಜೊತೆ ಮಾತಾಡಬಹುದು. ಇಲ್ಲೊಂದು ನ್ಯಾಯ ಹೇಳಬೇಕು: 350ರ ಜೊತೆ ನಾನು ಹಾಕಿದ್ದು ಮೂರು ಗೇರಿನ ಆಟೊಮ್ಯಾಟಿಕ್, 5.3ರ ಜೊತೆ ಓವರ್‌ಡ್ರೈವ್ ಇರುವ 4ಎಲ್60ಇ. 350ಕ್ಕೂ ಅಂಥದ್ದೇ ಸಿಕ್ಕಿದ್ದರೆ ತಕ್ಕಡಿ ಇಷ್ಟು ವಾಲುತ್ತಿರಲಿಲ್ಲ. ಸದ್ದಿನಲ್ಲಂತೂ 350ಗೇ ನನ್ನ ಓಟು. ಸಿಗ್ನಲ್ಲಿನಲ್ಲಿ ನಿಂತಾಗ ಅದು ಗುರುಗುಟ್ಟುವ ಗತ್ತೇ ಬೇರೆ.

ನನ್ನ ಗಾಡಿಯಲ್ಲಿ 5.3 ಉಳಿಯಿತು, ಏಕೆಂದರೆ ನಾನು ದೂರ ಹೋಗುವವನು. ಭಾನುವಾರ ಊರೊಳಗೆ ಸುತ್ತಾಡಲಿಕ್ಕಾದರೆ 235 ಸಾಕು, ಉಳಿದ ದುಡ್ಡು ಬ್ರೇಕಿಗೆ ಹಾಕಿ. ವೈರಿಂಗ್ ಕಂಡರೆ ಆಗದವರು, ಒಂದೇ ರಿಂಚ್ ಸೆಟ್ಟಿನಲ್ಲಿ ಎಲ್ಲ ಮುಗಿಯಬೇಕು ಅನ್ನುವವರು 350 ತೆಗೆದುಕೊಳ್ಳಿ, ಓವರ್‌ಡ್ರೈವ್ ಗೇರ್‌ಬಾಕ್ಸಿನ ಜೊತೆ.

5.3 ತರಲು ಗುಜರಿಗೆ ಹೋಗುವವರು 2006ರೊಳಗಿನ ಟ್ರಕ್ ನೋಡಿ. 2007ರ ಹೊಸ ಮಾದರಿಯಿಂದ ಓಡುವಾಗಲೇ ನಾಲ್ಕು ಸಿಲಿಂಡರ್ ನಿಲ್ಲಿಸುವ ಏರ್ಪಾಡು ಬಂತು, ಅದರ ಲಿಫ್ಟರುಗಳ (ವಾಲ್ವ್ ಎತ್ತುವ ಭಾಗಗಳ) ತಲೆನೋವು ನಮಗೆ ಬೇಡ. ವೈರಿಂಗ್ ಕತ್ತರಿಸದೆ ಇಡಿಯಾಗಿ ಬಿಚ್ಚಿ ತನ್ನಿ, ಕಂಪ್ಯೂಟರನ್ನೂ ಅದೇ ಗಾಡಿಯದ್ದೇ. ಆಕ್ಸಿಲರೇಟರ್ ಕೇಬಲ್ ಇಲ್ಲದ ಮಾದರಿಯಾಗಿದ್ದರೆ ಪೆಡಲ್ಲನ್ನೂ ಅದರ ಕಂಟ್ರೋಲ್ ಪೆಟ್ಟಿಗೆಯನ್ನೂ ಅದೇ ದಿನ ಬಿಚ್ಚಿಕೊಂಡು ಬನ್ನಿ. ಮಾರನೇ ವಾರ ಹೋಗುವಷ್ಟರಲ್ಲಿ ಬೇರೆ ಯಾರೋ ಬಿಚ್ಚಿಕೊಂಡು ಹೋಗಿರುತ್ತಾರೆ.